ಬೇಗ ನೆರಳು ಬೇಕು, ಸರಿ; ಯಾವ ಮರದ ನೆರಳು?

ಹೊಸ ಬಡಾವಣೆ, 30×40 ಸೈಟು, ಮನೆ ಪಶ್ಚಿಮಕ್ಕೆ ಮುಖ. ಮಧ್ಯಾಹ್ನ ಮೂರರ ಬಿಸಿಲು ನೇರವಾಗಿ ನಡುಮನೆಗೆ ಬರುತ್ತದೆ, ಎದುರಿನ ರಸ್ತೆಯಲ್ಲಿ ಲಾರಿ ಓಡಾಡಿ ಕಿಟಕಿಯ ಮೇಲೆಲ್ಲ ಧೂಳು. ಇಂಥ ಮನೆಯವರು ನರ್ಸರಿಗೆ ಹೋಗಿ ಕೇಳುವ ಮೊದಲ ಮಾತು ‘ಬೇಗ ಬೆಳೆಯೋದು ಕೊಡಿ’. ಆಗ ಕೈಗೆ ಬರುವುದು ಕೋನೋಕಾರ್ಪಸ್, ಸಿಂಗಾಪುರ ಚೆರಿ, ಇಲ್ಲವೇ ‘ಕಕ್ಕೆ’ ಎಂದು ಹೇಳಿ ಕೊಟ್ಟ ಕಕ್ಕೆಯಲ್ಲದ ಯಾವುದೋ ಒಂದು. ಮನೆಯ ಹಿರಿಯರು ಹೊಂಗೆ ಹಾಕಿ ಅನ್ನುತ್ತಾರೆ, ಅದು ನಿಧಾನ ಎಂಬ ಭಯ. ಬೇವು ಹಾಕೋಣವೆಂದರೆ ಜಾಗ ಸಾಲದು.

ಬೇಗ ಬೆಳೆಯುವುದು, ಹೊಗೆ ಧೂಳಿಗೆ ಜಗ್ಗದಿರುವುದು, ಹೇಳದೆ ಕೇಳದೆ ಹರಡುವುದು: ಈ ಮೂರೂ ಬಹಳ ಸಲ ಒಂದೇ ಗುಣದ ಮೂರು ಮುಖಗಳು. ಇಟ್ಟಿಗೆ ಚೂರು, ಸಿಮೆಂಟು ಬಿದ್ದ ಮಣ್ಣಿನಲ್ಲೂ ಬದುಕುವ ಗಿಡಕ್ಕೆ ಪಕ್ಕದ ಖಾಲಿ ಸೈಟೂ ಕೆರೆ ಏರಿಯೂ ಅಷ್ಟೇ ಸಲೀಸು. ಇದಕ್ಕೆ ಜಗತ್ತಿನಲ್ಲೇ ಹೆಸರಾದ ಉದಾಹರಣೆ ಚೀನಾದ ಐಲಾಂತಸ್ ಅಲ್ಟಿಸಿಮ. ಹೊಗೆ ತುಂಬಿದ ಊರಲ್ಲೂ ಬೆಳೆಯುತ್ತದೆಂದು ಯುರೋಪು, ಅಮೆರಿಕಗಳು ಅದನ್ನು ಬೀದಿಬೀದಿಗೆ ನೆಟ್ಟವು. 1784ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದ ಮರ ಈಗ ಅಲ್ಲಿಯ ಹೆದ್ದಾರಿ, ರೈಲುಹಳಿ, ಹಿತ್ತಲು ಎಲ್ಲೆಡೆ ಇದೆ. ಐರೋಪ್ಯ ಒಕ್ಕೂಟ 2019ರಲ್ಲಿ ಅದನ್ನು ಬೆಳೆಸಬಾರದ, ಮಾರಬಾರದ ಗಿಡಗಳ ಪಟ್ಟಿಗೆ ಸೇರಿಸಿತು. ಅದೇ ಕುಲದ ನಮ್ಮ ಪಶ್ಚಿಮ ಘಟ್ಟದ ಮರವೊಂದು ಮಾತ್ರ ಸಾಧುವಾಗಿ ನಿಂತು ಊದಿನಕಡ್ಡಿಗೆ ಹಾಲ್ಮಡ್ಡಿ ಎಂಬ ಪರಿಮಳದ ಅಂಟು ಕೊಡುತ್ತಿದೆ. ಕುಲಕ್ಕಿಂತ ನೆಲ ಮುಖ್ಯ ಅನ್ನುವುದಕ್ಕೆ ಇಷ್ಟು ಸಾಕು. ನಮ್ಮ ಬೇವೇ ಆಸ್ಟ್ರೇಲಿಯದ ಉತ್ತರ ಪ್ರಾಂತ್ಯದಲ್ಲಿ ಅಧಿಕೃತವಾಗಿ ಘೋಷಿತ ಕಳೆ.

ಅಳೆಯುವುದು ಹೇಗೆ

ಮೊದಲು ಕೇಳಬೇಕಾದ ಪ್ರಶ್ನೆ ‘ಎಷ್ಟು ಬೇಗ ಬರುತ್ತದೆ’ ಎನ್ನುವುದಕ್ಕಿಂತ ‘ಬೇಡವೆಂದಾಗ ಹೋಗುತ್ತದೆಯೇ’ ಎನ್ನುವುದು. ಕಡಿದರೆ ಬುಡದಿಂದ ಚಿಗುರುತ್ತದೆಯೇ, ಬೇರಿನಿಂದ ಮರಿ ಏಳುತ್ತದೆಯೇ, ಬೀಜ ಗಾಳಿಗೆ ಹೋಗುತ್ತದೆಯೇ, ಹಕ್ಕಿಯ ಹೊಟ್ಟೆಯಲ್ಲಿ ಹೋಗುತ್ತದೆಯೇ, ಇಲ್ಲ ಮರದ ಕೆಳಗೇ ಬೀಳುತ್ತದೆಯೇ? ಕೆಳಗೇ ಬಿದ್ದರೆ ಪೊರಕೆ ಸಾಕು. ಗಾಳಿಗೆ ಹಾರಿದರೆ ನಿಮ್ಮ ಕೈ ಮೀರಿತು.

ಎರಡನೆಯದು ಜಾಗ, ಮೇಲೂ ಕೆಳಗೂ. ಮೇಲೆ ವಿದ್ಯುತ್ ತಂತಿ ಇದ್ದರೆ ಹದಿನೈದು ಮೀಟರಿನ ಮರ ನೆಟ್ಟು ಪ್ರತಿ ವರ್ಷ ಅದರ ತಲೆ ಕಡಿಸುವುದು ಮರಕ್ಕೂ ಶಿಕ್ಷೆ, ನಿಮಗೂ. ಕೆಳಗೆ ಸಂಪು, ಒಳಚರಂಡಿ, ಕುಡಿಯುವ ನೀರಿನ ಕೊಳವೆ ಎಲ್ಲಿವೆ ಎಂದು ಅಗೆಯುವ ಮೊದಲೇ ಗುರುತು ಮಾಡಿಕೊಳ್ಳಿ. ಬೇರು ಗಟ್ಟಿ ಕೊಳವೆಯನ್ನು ಕೊರೆದು ಒಳಗೆ ಹೋಗುವುದಿಲ್ಲ. ಜೋಡಣೆಯಲ್ಲಿ ನೀರು ಜಿನುಗುವ ಕಡೆ ಕೂದಲೆಳೆಯ ಬೇರು ತೂರಿ ಒಳಗೆ ಜೊಂಡಿನಂತೆ ಬೆಳೆದು ಕಟ್ಟಿಕೊಳ್ಳುತ್ತದೆ. ಹಳೆಯ ಬಡಾವಣೆಗಳ ಸ್ಟೋನ್‌ವೇರ್ (ಸುಟ್ಟ ಮಣ್ಣಿನ) ಕೊಳವೆಗೆ ಎರಡು ಮೂರು ಅಡಿಗೊಂದು ಜೋಡಣೆ, ಆದ್ದರಿಂದ ಅಪಾಯ ಅಲ್ಲಿ ಹೆಚ್ಚು. ಅಂಟು ಹಾಕಿ ಕೂಡಿಸಿದ ಪಿವಿಸಿಯಲ್ಲಿ ಕಡಿಮೆ.

ಮೂರನೆಯದು ಕೊಂಬೆಯ ಗಟ್ಟಿತನ. ಏಪ್ರಿಲ್–ಮೇ ತಿಂಗಳ ಗಾಳಿಮಳೆಗೆ ಕಾರಿನ ಮೇಲೆ ಬೀಳುವುದು ಬಹುಪಾಲು ಬೇಗ ಬೆಳೆದ ಮೆದು ಕಟ್ಟಿಗೆಯೇ.

‘ಮಾಲಿನ್ಯ ತಡೆಯುವ ಮರ’ ಎಂಬ ಮಾತಿಗೆ ಮರುಳಾಗಬೇಡಿ. ವಿಜ್ಞಾನಿಗಳು ಬಳಸುವ ಸಹಿಷ್ಣುತಾ ಸೂಚ್ಯಂಕ ಎಲೆಯ ಆಸ್ಕಾರ್ಬಿಕ್ ಆಮ್ಲ, ಹರಿತ್ತು, ಎಲೆರಸದ ಆಮ್ಲತೆ, ನೀರಿನಂಶ ಈ ನಾಲ್ಕನ್ನು ಕೂಡಿಸಿ ಲೆಕ್ಕ ಹಾಕುತ್ತದೆ. ಅದು ಹೇಳುವುದು ಹೊಗೆಯಲ್ಲಿ ಮರ ಬದುಕುತ್ತದೆ ಎಂದು ಮಾತ್ರ. ನಿಮ್ಮ ಕಿಟಕಿಯ ಧೂಳು ಕಡಿಮೆಯಾಗಬೇಕಾದರೆ ಧೂಳಿನ ತಿಂಗಳುಗಳಲ್ಲಿ, ಅಂದರೆ ಜನವರಿಯಿಂದ ಮೇವರೆಗೆ, ಮರದ ಮೇಲೆ ದಟ್ಟ ಎಲೆ ಇರಬೇಕು. ಆ ಹೊತ್ತಿಗೇ ಬೋಳಾಗುವ ಮರ ಎಷ್ಟು ಸಹಿಷ್ಣುವಾದರೂ ಪ್ರಯೋಜನ ಅಷ್ಟಕ್ಕಷ್ಟೇ.

ಉಳಿದದ್ದು ಕಸ, ಅಲರ್ಜಿ, ಮೊದಲ ಎರಡು ಬೇಸಿಗೆಯ ನೀರು ಮತ್ತು ದುಡ್ಡು.

ಬೇಗ ಬರುವವರು

ಸುಬಾಬುಲ್ ವಿಷಯ ಒಂದೇ ಉಸಿರಿಗೆ ಮುಗಿಸಬಹುದು: ಬೇಡ. ಮಧ್ಯ ಅಮೆರಿಕದಿಂದ ಬಂದು, ಮೇವು ಮತ್ತು ಸೌದೆಗೆಂದು ಸಾಮಾಜಿಕ ಅರಣ್ಯದ ಕಾಲದಲ್ಲಿ ಹಳ್ಳಿಹಳ್ಳಿಗೆ ಹಂಚಿದ ಗಿಡ. ಒಂದೊಂದು ಕಾಯಲ್ಲಿ ಹತ್ತಿಪ್ಪತ್ತು ಬೀಜ, ವರ್ಷದಲ್ಲಿ ಹಲವು ಸಲ ಕಾಯಿ, ಗಟ್ಟಿ ಸಿಪ್ಪೆಯ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತದೆ, ಕಡಿದಷ್ಟೂ ಚಿಗುರುತ್ತದೆ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ತಜ್ಞರ ಗುಂಪಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಲಂಟಾನದ ಜೊತೆ ಇದೂ ಇದೆ. ಮೇಕೆ ಸಾಕಿ, ಕಾಯಿ ಬಲಿಯುವ ಮೊದಲೇ ಕೊಯ್ದು ಹಾಕುವ ರೈತನಿಗೆ ಅದರ ಲೆಕ್ಕ ಬೇರೆ. ಬೀದಿಗೆ ಕಾರಣವೇ ಇಲ್ಲ.

ಅದೇ ಪಟ್ಟಿಯಲ್ಲಿ ನೀರುಕಾಯಿ ಮರವೂ ಇದೆ. ಮಕ್ಕಳು ಮೊಗ್ಗು ಹಿಸುಕಿ ನೀರು ಚಿಮ್ಮಿಸುತ್ತಾರಲ್ಲ, ಕೆಂಪು ಹೂವಿನ ಆಫ್ರಿಕದ ಮರ. ಹೂ ಚೆಂದ ಹೌದು. ಬೀಜಕ್ಕೆ ಕಾಗದದಂಥ ರೆಕ್ಕೆ, ಕಟ್ಟಿಗೆ ಬೆಂಡು, ಕೊಂಬೆ ಗಾಳಿಗೆ ಮುರಿಯುತ್ತದೆ. ಮಲೆನಾಡಿನಂಥ ತೇವದ ಕಡೆ ಅದರ ಹರಡುವಿಕೆ ಇನ್ನೂ ಜೋರು. ಹಳೆಯ ಉದ್ಯಾನದಲ್ಲಿ ಇದ್ದದ್ದು ಇರಲಿ, ಹೊಸದಾಗಿ ನೆಡಬೇಡಿ.

ಕೋನೋಕಾರ್ಪಸ್ ಬಗ್ಗೆ ನಿಂತು ಮಾತಾಡಬೇಕು, ಏಕೆಂದರೆ ಅಪಾರ್ಟ್‌ಮೆಂಟುಗಳೂ ಬಡಾವಣೆಗಳೂ ಈಗಲೂ ಸಾಲಾಗಿ ನೆಡುತ್ತಿರುವುದು ಇದನ್ನೇ. ಕಡ್ಡಿಯಿಂದ ಬೆಳೆಯುತ್ತದೆ, ಸಸಿ ಅಗ್ಗ, ಎರಡು ವರ್ಷಕ್ಕೆ ಹಸಿರು ಗೋಡೆ, ಉಪ್ಪುನೀರಿಗೂ ಬಿಸಿಲಿಗೂ ಅಂಜುವುದಿಲ್ಲ, ದನ ಮೇಯುವುದಿಲ್ಲ. ಕೊಲ್ಲಿಯಲ್ಲಿ ಕೆಲಸ ಮಾಡಿದ ಕರಾವಳಿಯವರಿಗೆ ಈ ಮರ ಹೊಸದಲ್ಲ. ಕುವೈತಿನಲ್ಲಿ ಮರಳುಗಾಡು ಹಸಿರು ಮಾಡಲು ನೆಟ್ಟು, ಬೇರು ಒಳಚರಂಡಿಗೆ ನುಗ್ಗಿದ ದೂರುಗಳು ಎದ್ದದ್ದೂ ಹೊಸದಲ್ಲ. ಗಾಳಿಯಲ್ಲಿ ಹರಡುವ ಪರಾಗದಿಂದ ಅಲರ್ಜಿ, ಉಬ್ಬಸ ಹೆಚ್ಚುವ ಭಯವೂ ಸೇರಿ ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ತೆಲಂಗಾಣವೂ ತನ್ನ ಹಸಿರೀಕರಣದಿಂದ ಕೈಬಿಟ್ಟಿತು.

ಹಾಗೆಂದು ಅದನ್ನು ಲಂಟಾನದ ಸಾಲಿಗೆ ಸೇರಿಸುವುದು ಅತಿ. ನಮ್ಮ ಊರುಗಳಲ್ಲಿ ಅದು ನಿಂತಿರುವುದು ಜನ ನೆಟ್ಟಲ್ಲಿ. ಸುಬಾಬುಲ್ ಹಾಗೆ ಬೀಜ ಬಿದ್ದು ಕಾಡು ಹೊಕ್ಕಿಲ್ಲ. ಅದರ ತೊಂದರೆ ನೆರೆಹೊರೆಯದು: ಬೇರು, ಪರಾಗ, ಮತ್ತು ಒಂದೇ ಜಾತಿಯ ಉದ್ದನೆಯ ಗೋಡೆ. ಇನ್ನೊಂದು ವಿಷಯ ನರ್ಸರಿಯವರು ಹೇಳುವುದಿಲ್ಲ. ಅದನ್ನು ಬೇಲಿಯಂತೆ ಉಳಿಸಬೇಕಾದರೆ ವರ್ಷಕ್ಕೆ ಮೂರು ನಾಲ್ಕು ಸಲ ಕತ್ತರಿಸಲೇಬೇಕು. ಎರಡು ವರ್ಷ ಬಿಟ್ಟರೆ ಬೇಲಿ ಮರವಾಗುತ್ತದೆ, ಸಾಲು ಮರಗಳ ಬೇರು ಕಾಂಪೌಂಡಿನ ಪಾಯದ ಕೆಳಗೆ ಹೋಗಿರುತ್ತದೆ. ಅಗ್ಗದ ಸಸಿಯ ಬೆಲೆ ಹೀಗೆ ಕೂಲಿಯ ರೂಪದಲ್ಲಿ ತೀರುತ್ತದೆ. ಮರೆ ಮಾತ್ರ ಬೇಕಿದ್ದರೆ ಬಂದರಿಕೆ ಹಾಕಿ. ನಮ್ಮದೇ ಕುರುಚಲು ಕಾಡಿನ ಗಿಡ, 45 ಸೆಂ.ಮೀ. ಅಂತರದಲ್ಲಿ ನೆಟ್ಟು ಕತ್ತರಿಸುತ್ತ ಬಂದರೆ ಆಳೆತ್ತರದ ದಟ್ಟ ಬೇಲಿಯಾಗುತ್ತದೆ, ಒಣಭೂಮಿಗೆ ಒಗ್ಗಿದೆ. ಕೋನೋಕಾರ್ಪಸ್ಸಿಗಿಂತ ಒಂದು ವರ್ಷ ತಡ, ಅಷ್ಟೆ.

ಇನ್ನು ಕಕ್ಕೆಯ ವೇಷದಲ್ಲಿ ಬರುವ ಸೆನ್ನಾ ಸ್ಪೆಕ್ಟಾಬಿಲಿಸ್. ಅಮೆರಿಕ ಖಂಡದ ಉಷ್ಣವಲಯದ್ದು. ನೆರಳಿಗೆ, ಅಂದಕ್ಕೆ ನೆಟ್ಟದ್ದು ಇಂದು ಬಂಡೀಪುರ, ನಾಗರಹೊಳೆ, ವಯನಾಡು, ಮುದುಮಲೆಯ ಕಾಡಿನೊಳಗೆ ಹಬ್ಬಿ, ಕೆಳಗೆ ಹುಲ್ಲು ಬೆಳೆಯದಂತೆ ಮಾಡಿದೆ. ಕಡಿದರೆ ಒಂದು ಬುಡದಿಂದ ಹತ್ತಾರು ಚಿಗುರು. ಇದನ್ನು ನರ್ಸರಿಯಲ್ಲೇ ಗುರುತಿಸಬಹುದು. ಕಕ್ಕೆಯ ಎಲೆಕಡ್ಡಿಯಲ್ಲಿ ಅಂಗೈ ಉದ್ದದ ದೊಡ್ಡ ಎಲೆಗಳು, ನಾಲ್ಕರಿಂದ ಎಂಟು ಜೊತೆ. ಸೆನ್ನಾದಲ್ಲಿ ಬೆರಳುದ್ದದ ಚಿಕ್ಕ ಎಲೆಗಳು, ಹತ್ತಕ್ಕೂ ಹೆಚ್ಚು ಜೊತೆ. ಕಕ್ಕೆಯ ಹೂಗೊಂಚಲು ಏಪ್ರಿಲ್–ಮೇನಲ್ಲಿ ಜೋತುಬಿದ್ದ ಮಾಲೆ. ಸೆನ್ನಾದ್ದು ಮಳೆಗಾಲದ ಕೊನೆಗೆ, ಕೊಂಬೆಯ ತುದಿಯಲ್ಲಿ ಮೇಲಕ್ಕೆ ನಿಂತ ಗೊಂಚಲು. ಸಸಿ ‘ಕಕ್ಕೆ’ಯಾಗಿದ್ದೂ ವರ್ಷಕ್ಕೆ ಎರಡು ಮೀಟರ್ ಏರುತ್ತಿದ್ದರೆ ಅನುಮಾನಿಸಿ, ನಿಜವಾದ ಕಕ್ಕೆ ಅಷ್ಟು ಅವಸರದ್ದಲ್ಲ. ಮೈಸೂರು, ಚಾಮರಾಜನಗರ, ಕೊಡಗಿನ ಕಾಡಂಚಿನವರು ಈ ಒಂದು ಗಿಡದಲ್ಲಿ ಎಡವಬಾರದು.

ಸಿಂಗಾಪುರ ಚೆರಿ, ಅಂದರೆ ಗಸಗಸೆ ಹಣ್ಣಿನ ಮರ, ಈ ಗುಂಪಿನಲ್ಲಿ ಕ್ಷಮಿಸಬಹುದಾದದ್ದು. ಬೀಜದಿಂದ ಎರಡೇ ವರ್ಷಕ್ಕೆ ನಾಲ್ಕು ಮೀಟರ್, ಒಂದೂವರೆ ವರ್ಷಕ್ಕೆ ಹಣ್ಣು, ಛತ್ರಿಯಂಥ ಹರಹು, ವರ್ಷವಿಡೀ ಎಲೆ. ಹೊಗೆ, ಬರ ಎರಡನ್ನೂ ತಾಳುತ್ತದೆ. ಬದನಿಕೆ ಹಕ್ಕಿ, ಪಿಕಳಾರ, ಕೋಗಿಲೆ, ರಾತ್ರಿ ಬಾವಲಿ ಎಲ್ಲಕ್ಕೂ ಊಟ. ಬಾವಲಿ ಊಟ ಮಾಡಿದಲ್ಲೇ ಕೈತೊಳೆಯುವುದರಿಂದ ಕೆಳಗೆ ನಿಲ್ಲಿಸಿದ ಕಾರು ಬೆಳಗ್ಗೆ ನೋಡುವಂತಿರುವುದಿಲ್ಲ. ಒಂದೊಂದು ಹಣ್ಣಿನಲ್ಲಿ ಸಾವಿರಾರು ಧೂಳಿನಂಥ ಬೀಜ. ಮಾಳಿಗೆಯ ಬಿರುಕು, ಚರಂಡಿಯ ಅಂಚು, ಹಳೆಯ ಗೋಡೆ ಎಲ್ಲೆಂದರಲ್ಲಿ ಸಸಿ. ಬೇರು ಮೇಲೆಮೇಲೆ, ಕೊಂಬೆ ಮೆದು, ಆಯುಸ್ಸೂ ಕಡಿಮೆ. ಬದುಕಿರುವಷ್ಟು ದಿನ ಉಪಕಾರಿ, ನೆಲ ಹಿಡಿದು ನಿಲ್ಲುವ ಜಾತಿಯಲ್ಲ. ಈ ಗುಣವನ್ನೇ ಬಳಸಿಕೊಳ್ಳುವ ಉಪಾಯ ಮುಂದಿದೆ.

ಹಳದಿ ಗುಲ್‌ಮೊಹರ್ ಎಂದು ಕರೆಯುವ ಕಾಪರ್‌ಪಾಡ್ ಹರಡುವ ವಿಷಯದಲ್ಲಿ ಅಂಥ ಕಂಟಕವಲ್ಲ. ನೆರಳು ದೊಡ್ಡದು, ಬೆಳವಣಿಗೆ ಚುರುಕು. ಆದರೆ ಅದಕ್ಕೆ 60 ಅಡಿ ರಸ್ತೆಯೋ ಮೈದಾನದ ಅಂಚೋ ಬೇಕು, ಕೊಂಬೆ ಮುರಿಯುವ ಸ್ವಭಾವವಿದೆ. ಮೂವತ್ತು ಅಡಿ ರಸ್ತೆಯಲ್ಲಿ ಅದನ್ನು ನೆಡುವುದೆಂದರೆ ಹಾಸಿಗೆ ನೋಡದೆ ಕಾಲು ಚಾಚಿದಂತೆ.

ನಿಧಾನ ಎಂದು ಹೆಸರು ಹೊತ್ತವರು

ಹೊಂಗೆಯ ನೆರಳು ತಂಪು ಎಂಬ ಮಾತು ಬರಿಯ ಪ್ರೀತಿಯದಲ್ಲ. ಎಲೆ ದಟ್ಟ, ಹೊಳಪು, ಹರಹು ತಗ್ಗಿನಲ್ಲಿ. ಫೆಬ್ರವರಿ–ಮಾರ್ಚಿನಲ್ಲಿ ಹಳೆಯ ಎಲೆ ಉದುರಿದ ಕೆಲವೇ ದಿನದಲ್ಲಿ ಎಳೆ ಹಸಿರು ತುಂಬಿಕೊಂಡು, ಬಿಸಿಲು ಏರುವ ಹೊತ್ತಿಗೆ ಮರ ಸಿದ್ಧವಾಗಿರುತ್ತದೆ. ದ್ವಿದಳದ ಮರವಾದ್ದರಿಂದ ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದು, ಬಡಾವಣೆಯ ಸತ್ತ ಮಣ್ಣಿನಲ್ಲೂ ನಿಲ್ಲುತ್ತದೆ. ಒಂದಿಷ್ಟು ಉಪ್ಪು, ಒಂದಿಷ್ಟು ನೀರು ನಿಲ್ಲುವುದು, ಬರ ಎಲ್ಲವನ್ನೂ ಸಹಿಸುತ್ತದೆ. ಕಾಯಿ ಭಾರ, ಬುಡದಲ್ಲೇ ಬೀಳುತ್ತದೆ, ಮೊಳೆತರೆ ಕಿತ್ತು ಹಾಕಬಹುದು. ಬೀಜದಲ್ಲಿ ಸುಮಾರು ಮೂರನೆಯ ಒಂದು ಪಾಲು ಎಣ್ಣೆ, ಹಿಂಡಿ ಗೊಬ್ಬರ.

ದೋಷಗಳೂ ಇವೆ. ನುಸಿ ಬಿದ್ದು ಎಲೆಯ ಮೇಲೆ ಬೆರಳಿನಂಥ ಗಂಟುಗಳು ಏಳುತ್ತವೆ. ನೋಡಲು ಅಸಹ್ಯ, ಮರಕ್ಕೆ ಪ್ರಾಣಭಯವಿಲ್ಲ, ಔಷಧಿ ಹೊಡೆಯುವ ಅಗತ್ಯವಿಲ್ಲ. ಮಾರ್ಚಿನ ನಂತರ ಹೂವು ಅಕ್ಕಿ ಚೆಲ್ಲಿದಂತೆ ಅಂಗಳದ ತುಂಬ ಬೀಳುತ್ತದೆ, ಜೇನು ಬರುತ್ತದೆ. ಸೊಟ್ಟಗೆ, ತಗ್ಗಿನಲ್ಲೇ ಕವಲೊಡೆಯುವ ಚಟವಿರುವುದರಿಂದ ಮೊದಲ ನಾಲ್ಕು ವರ್ಷ ತಿದ್ದಬೇಕು. ತಿದ್ದದೆ ಬಿಟ್ಟ ಹೊಂಗೆಗಳನ್ನು ನೋಡಿಯೇ ಜನ ಅದನ್ನು ‘ಪೊದೆ’ ಅನ್ನುವುದು.

ಬೇವು ಬಯಲುಸೀಮೆಯ ರಾಜ. ಬಳ್ಳಾರಿ, ರಾಯಚೂರು, ಕಲಬುರಗಿ, ವಿಜಯಪುರದ ಬಿಸಿಲಿಗೆ ಅದಕ್ಕಿಂತ ನಂಬಿಕೆಯ ಮರ ಇನ್ನೊಂದಿಲ್ಲ. ಬುಡದಲ್ಲಿ ನೀರು ನಿಂತರೆ ಮಾತ್ರ ಸಹಿಸದು. ಮಲೆನಾಡಿನ ಮಳೆಗೂ ಕೆರೆ ಅಂಗಳದ ಜೌಗಿಗೂ ಹೊಂದದು. ಮಳೆಗಾಲದ ಕೊನೆಗೆ ತುದಿ ಚಿಗುರುಗಳು ಸುಟ್ಟಂತೆ ಒಣಗುವುದು ಶಿಲೀಂಧ್ರ ಮತ್ತು ಟೀ ಸೊಳ್ಳೆ ತಿಗಣೆಯ ಕೆಲಸ. ದೊಡ್ಡ ಮರ ಬಹುತೇಕ ಚೇತರಿಸಿಕೊಳ್ಳುತ್ತದೆ, ಒಣಗಿದೆ ಎಂದು ಗಾಬರಿಯಿಂದ ಕಡಿಸಬೇಡಿ. ಗೋಡೆಯಿಂದ ಐದಾರು ಮೀಟರ್ ಜಾಗ ಇಲ್ಲದಿದ್ದರೆ ಬೇವಿನ ಆಸೆ ಬಿಡಿ.

ಹೊಳೆ ದಾಸವಾಳ ಹೊಳೆಯಂಚಿನ ಮರ, ಹೆಸರೇ ಹೇಳುತ್ತದೆ. ಏಪ್ರಿಲ್ ನಂತರ ನೇರಳೆ ಹೂ, ಕೊಂಬೆ ಗಟ್ಟಿ. ಮೊದಲ ಮೂರು ಬೇಸಿಗೆ ನೀರು ಕೊಡಲೇಬೇಕು, ಚಳಿಗಾಲದ ಕೊನೆಗೆ ಬೋಳಾಗುತ್ತದೆ. ಧೂಳು ತಡೆಯಲು ನೆಡುವವರಿಗೆ ಅಲ್ಲ, ಅಂದಕ್ಕೆ ನೆಡುವವರಿಗೆ. ತಂತಿಯ ಕೆಳಗಿನ ಜಾಗಕ್ಕೆ ಬಸವನಪಾದ ಸಾಕು: ಆರೇಳು ಮೀಟರಿಗೆ ನಿಲ್ಲುತ್ತದೆ, ಬೇಗ ಹೂ ಬಿಡುತ್ತದೆ.

ನಿಮ್ಮ ಜಾಗಕ್ಕೆ ಯಾವುದು

ಮೂವತ್ತು ಅಡಿ ರಸ್ತೆ, ಮೇಲೆ ತಂತಿ ಇಲ್ಲ: ಹೊಂಗೆ, ಮರದಿಂದ ಮರಕ್ಕೆ 5–6 ಮೀಟರ್, ಗೋಡೆಯಿಂದ ಕನಿಷ್ಠ 3. ತಂತಿ ಇದ್ದರೆ ಬಸವನಪಾದ. ಕಲ್ಯಾಣ ಕರ್ನಾಟಕದಲ್ಲಿ ಜಾಗವಿದ್ದರೆ ಬೇವು, ಇಲ್ಲದಿದ್ದರೆ ಅಲ್ಲಿಯೂ ಹೊಂಗೆ. ಕಾಡಂಚು, ಕೆರೆಯಂಚು, ತೋಟದ ಮನೆಯಾದರೆ ಹೊರಗಿನಿಂದ ಬಂದ ಯಾವ ಮರವೂ ಬೇಡ, ಚೆರಿಯೂ ಬೇಡ. ಮನೆಯಲ್ಲಿ ಉಬ್ಬಸದವರಿದ್ದರೆ ಕೋನೋಕಾರ್ಪಸ್ ಸುದ್ದಿಗೇ ಹೋಗಬೇಡಿ. ದುಡ್ಡೇ ಇಲ್ಲ ಅನ್ನುವವರು ಬೇಸಿಗೆಯಲ್ಲಿ ಹೊಂಗೆಯಡಿ ಬಿದ್ದ ಕಾಯಿ ಒಡೆದು ತಾಜಾ ಬೀಜವನ್ನು ಚೀಲದಲ್ಲಿ ಊರಿದರೆ ಎರಡು ವಾರದಲ್ಲಿ ಮೊಳಕೆ. ಮಳೆಗಾಲದ ಆರಂಭದಲ್ಲಿ ಅರಣ್ಯ ಇಲಾಖೆಯ ನರ್ಸರಿಗಳಲ್ಲೂ ರಿಯಾಯಿತಿ ದರಕ್ಕೆ ಸಸಿ ಸಿಗುತ್ತದೆ.

ನಾಳೆಯೇ ನೆರಳು ಬೇಕು ಅನ್ನುವವರಿಗೆ ಆ ಉಪಾಯ: ಊರೊಳಗಿನ ಸೈಟಾದರೆ ಒಂದು ಚೆರಿ, ಅದರಿಂದ ಎರಡೂವರೆ ಮೀಟರ್ ದೂರದಲ್ಲಿ ಒಂದು ಹೊಂಗೆ, ಒಂದೇ ದಿನ ನೆಡಿ. ಚೆರಿ ಎರಡನೆಯ ಬೇಸಿಗೆಗೆ ನೆರಳು ಕೊಡುತ್ತದೆ. ಮೂರನೆಯ ವರ್ಷದಿಂದ ಹೊಂಗೆಯ ಕಡೆಯ ಚೆರಿ ಕೊಂಬೆಗಳನ್ನು ಕತ್ತರಿಸುತ್ತ ಬನ್ನಿ, ಐದನೆಯ ವರ್ಷ ಚೆರಿಯನ್ನು ಬುಡಸಮೇತ ತೆಗೆಯಿರಿ. ಕರುಣೆ ಬಂದು ಉಳಿಸಿಕೊಂಡರೆ ಹೊಂಗೆ ಬೆಳಕು ಹುಡುಕಿ ರಸ್ತೆಗೆ ವಾಲುತ್ತದೆ.

ವೇಗ ಬೇಕಾದರೆ ಜಾತಿ ಬದಲಿಸುವ ಬದಲು ಸಸಿಯ ಎತ್ತರ ಬದಲಿಸುವುದು ಇನ್ನೂ ಸರಳ. 6×9 ಇಂಚಿನ ಚೀಲದ ಒಂದಡಿ ಹೊಂಗೆಗೂ 14×20 ಚೀಲದ ಏಳೆಂಟು ಅಡಿ ಹೊಂಗೆಗೂ ಎರಡು ಮೂರು ವರ್ಷದ ವ್ಯತ್ಯಾಸ. ಕೋನೋಕಾರ್ಪಸ್ ‘ಗಳಿಸಿಕೊಡುವ’ ಕಾಲವೂ ಸುಮಾರು ಅಷ್ಟೇ.

ಗುಂಡಿ ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳ. ಕಟ್ಟಡದ ಕಸ ಪೂರ್ತಿ ಹೊರಗೆ. ಎರಡು ಪಾಲು ಕೆಮ್ಮಣ್ಣಿಗೆ ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ, ಗೆದ್ದಲಿರುವ ಕಡೆ ಒಂದು ಕಿಲೋ ಬೇವಿನ ಹಿಂಡಿ. ಹಸಿ ಸಗಣಿ ಹಾಕಿದರೆ ಗೆದ್ದಲನ್ನು ಊಟಕ್ಕೆ ಕರೆದಂತೆ. ಚೀಲ ಹರಿದಾಗ ತಳದಲ್ಲಿ ಸುರುಳಿ ಸುತ್ತಿದ ಬೇರು ಕಂಡರೆ ಕತ್ತರಿಸಿ, ಇಲ್ಲವಾದರೆ ಹತ್ತು ವರ್ಷದ ನಂತರ ಗಾಳಿಗೆ ಮರ ಬುಡಸಮೇತ ಉರುಳುವುದು ಆ ಸುರುಳಿಯಿಂದಲೇ. ಕಾಂಡ ಮಣ್ಣಿನಿಂದ ಮೇಲೇಳುವ ಗುರುತು ಚೀಲದಲ್ಲಿದ್ದ ಮಟ್ಟದಲ್ಲೇ ಇರಲಿ. ಎರಡು ಗೂಟಕ್ಕೆ ಸಡಿಲವಾಗಿ ಗೋಣಿಪಟ್ಟಿಯಿಂದ ಕಟ್ಟಿ, ಎರಡನೆಯ ವರ್ಷ ಬಿಚ್ಚಿ. ಮಳೆ ನಿಂತ ಮೇಲೆ ಮೂರು ದಿನಕ್ಕೊಮ್ಮೆ 20 ಲೀಟರ್, ಎರಡು ಬೇಸಿಗೆ. ಪಾತಿಯಲ್ಲಿ ಒಣಗಿದೆಲೆ ಮುಚ್ಚಿಗೆ. ಕೆಳಗಿನ ಕೊಂಬೆಗಳನ್ನು ಒಂದೇ ಸಲಕ್ಕೆ ಸವರದೆ, ವರ್ಷಕ್ಕೆ ಒಂದಷ್ಟರಂತೆ ಏರಿಸುತ್ತ ಎರಡೂವರೆ ಮೀಟರಿಗೆ ತನ್ನಿ. ಫುಟ್‌ಪಾತ್ ಹಾಕುವವರು ಬಂದಾಗ ಬುಡದ ಸುತ್ತ ಒಂದು ಮೀಟರ್ ಮಣ್ಣು ಬಿಡಿಸಿಕೊಳ್ಳಿ. ಬುಡದವರೆಗೆ ಕಾಂಕ್ರೀಟು ಹಾಕಿಸಿಕೊಂಡ ಮರದ ಬೇರು ನೀರು ಹುಡುಕಿ ಹೋಗುವುದು ನಿಮ್ಮ ಸಂಪಿನ ಕಡೆಗೇ. ಹೊಂಗೆಯೂ ಇದಕ್ಕೆ ಹೊರತಲ್ಲ.

ಈಗಾಗಲೇ ನೆಟ್ಟಾಗಿದ್ದರೆ

ಸುಬಾಬುಲ್ ಇದ್ದರೆ ಕಾಯಿ ಕಂದಾಗುವ ಮೊದಲೇ ಕಡಿದು, ಬುಡದ ಸುತ್ತ ಒಂದಡಿ ಅಗೆದು ಬೇರಿನ ಗಡ್ಡೆ ಸಮೇತ ಎತ್ತಿ. ನೆಲಮಟ್ಟಕ್ಕೆ ಕಡಿದು ಬಿಟ್ಟರೆ ಒಂದರ ಬದಲು ಎಂಟು ಕಾಂಡ. ಹಸಿರು ಸೊಪ್ಪು ಗೊಬ್ಬರಕ್ಕೆ ಒಳ್ಳೆಯದು. ಬಲಿತ ಕಾಯಿ ಗೊಬ್ಬರದ ಗುಂಡಿಗೆ ಹೋಗಬಾರದು, ಗೊಬ್ಬರ ಚೆಲ್ಲಿದಲ್ಲೆಲ್ಲ ಅದೇ ಮೊಳೆಯುತ್ತದೆ. ಮುಂದಿನ ಮೂರು ನಾಲ್ಕು ಮಳೆಗಾಲ ಗೇಣುದ್ದದ ಸಸಿಗಳನ್ನು ಕೀಳುತ್ತಿರಬೇಕು, ಒಂದಡಿ ದಾಟಿದರೆ ತಾಯಿಬೇರು ಕೈಗೆ ಬರುವುದಿಲ್ಲ. ಕೋನೋಕಾರ್ಪಸ್ ಸಾಲನ್ನು ಒಂದೇ ಸಲ ಬೋಳಿಸಬೇಡಿ: ಮೂರಕ್ಕೆ ಒಂದರಂತೆ ತೆಗೆದು ಆ ಜಾಗದಲ್ಲಿ ಹೊಂಗೆ ನೆಟ್ಟು, ಅದು ತಲೆ ಎತ್ತಿದ ಮೇಲೆ ಉಳಿದವು.

ಮರ ನಿಮ್ಮ ಸೈಟಿನೊಳಗೇ ಇದ್ದರೂ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಸುಬಾಬುಲ್, ನೀಲಗಿರಿ, ಸಿಲ್ವರ್ ಓಕ್, ಗ್ಲಿರಿಸಿಡಿಯದಂಥವು ವಿನಾಯಿತಿಯ ಪಟ್ಟಿಯಲ್ಲಿವೆ. ರಸ್ತೆಬದಿಯ ಮರ ಯಾವುದೇ ಇರಲಿ, ಅದು ನಿಮ್ಮದಲ್ಲ. ಅರ್ಜಿಗೆ ಮರದ ಫೋಟೊ, ಬುಡದಿಂದ ಎದೆಯೆತ್ತರದಲ್ಲಿ ಅಳೆದ ಸುತ್ತಳತೆ, ತೆಗೆಯುವ ಕಾರಣ, ಬದಲಿಗೆ ಏನು ನೆಡುತ್ತೀರಿ ಎಂಬ ವಿವರ ಜೊತೆಗಿಡಿ. ಪರಿಶೀಲನೆಗೆ ವಾರಗಳು ಹಿಡಿಯಬಹುದಾದ್ದರಿಂದ, ಜೂನ್‌ನಲ್ಲಿ ಹೊಸ ಗುಂಡಿ ತೋಡುವ ಯೋಚನೆ ಇದ್ದರೆ ಅರ್ಜಿ ಯುಗಾದಿಯ ಹೊತ್ತಿಗೇ ಹೋಗಲಿ.